ಮಾಲ್ಗುಡಿಯೋ, ಮೇಬೆರಿಯೋ?

ಭಾನುವಾರ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂರುವ ಬದಲು ಮನೆಮಂದಿ ಜೊತೆ ಸಣ್ಣ ಊರಿನ ಹಳೇ ಧಾರಾವಾಹಿ ನೋಡಬೇಕು ಅನ್ನಿಸಿದರೆ ನನ್ನ ಆಯ್ಕೆ ಎರಡು: ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’, ಅಮೆರಿಕದ ‘ದಿ ಆಂಡಿ ಗ್ರಿಫಿತ್ ಶೋ’.

1960ರಿಂದ 68ರವರೆಗೆ ಬಂದ ಆಂಡಿ ಪಕ್ಕಾ ಕಾಮಿಡಿ. ಮೇಬೆರಿ ಎಂಬ ಊರಿನ ಷೆರಿಫ್ (ಪೊಲೀಸ್ ಮುಖ್ಯಸ್ಥ), ಅವನ ಪುಟ್ಟ ಮಗ ಓಪಿ, ಮನೆ ನೋಡಿಕೊಳ್ಳುವ ಸೋದರತ್ತೆ. ಆದರೆ ಹೊಟ್ಟೆ ಹುಣ್ಣಾಗಿಸುವುದು ಸಹಾಯಕ ಬಾರ್ನಿ. ಎಲ್ಲಿ ಎಡವಟ್ಟು ಮಾಡುತ್ತಾನೋ ಅಂತ ಅವನಿಗೆ ಕೊಟ್ಟಿರುವುದು ಒಂದೇ ಒಂದು ಗುಂಡು. ಅದೂ ಪಿಸ್ತೂಲಿನಲ್ಲಲ್ಲ, ಅಂಗಿ ಜೇಬಿನಲ್ಲಿ! ಒಟ್ಟು 249 ಕಂತು. ಎಲ್ಲವೂ ಬೇಡ. ಕಪ್ಪು-ಬಿಳುಪಿನ ಮೊದಲ ಐದು ಸೀಸನ್ ಸಾಕು. ಬಣ್ಣ ಬರುವಷ್ಟರಲ್ಲಿ ಬಾರ್ನಿ ಹೊರಟುಬಿಟ್ಟಿರುತ್ತಾನೆ, ಅಪರೂಪಕ್ಕೆ ಅತಿಥಿಯಾಗಿ ಬರುತ್ತಾನೆ ಅಷ್ಟೇ.

ಮಾಲ್ಗುಡಿ ಬರೀ ನಗುವಲ್ಲ, ಕೆಲವು ಕಥೆ ಅಳಿಸುತ್ತವೆ. ಮಾತು ಹಿಂದಿಯಾದರೂ ಆಗುಂಬೆಯ ಬೀದಿ, ನಮ್ಮದೇ ಮುಖಗಳು. ಗಿರೀಶ್ ಕಾರ್ನಾಡರ ಗದರುವ ಅಪ್ಪ, ಮಾಸ್ಟರ್ ಮಂಜುನಾಥ್‌ನ ಸ್ವಾಮಿ. ನಮ್ಮ ಮನೆಯಲ್ಲೂ ಹೀಗೇ ಅಲ್ವಾ ಅನ್ನಿಸುತ್ತದೆ.

ಅಜ್ಜಿ-ತಾತ ಜೊತೆಗಿದ್ದರೆ ಮಾಲ್ಗುಡಿ ಹಾಕಿ. ಇಂಗ್ಲಿಷ್ ಅರ್ಥವಾಗುವ ಮಕ್ಕಳ ಜೊತೆ ಸುಮ್ನೆ ನಗಬೇಕಾದರೆ ಬಾರ್ನಿಯೇ ಸೈ.