ಬಲಗೈಗೆ ಬಾಟಲಿ, ಎಡಗೈಗೆ ಸ್ಟಿಕರ್

"ಹಣೆಗೆ ಸ್ಟಿಕರ್ ಬಂದು ಕುಂಕುಮದ ಭರಣಿ ಮೂಲೆ ಸೇರಿತು. ಈಗ ಉಗುರಿಗೂ ಸ್ಟಿಕರಾ?"

ನಾನು ಮೊದಲ ಪ್ಯಾಕೆಟ್ ಒಡೆದ ದಿನ ಅಮ್ಮ ಕೇಳಿದ್ದು ಇದು. ಅಮ್ಮನಿಗೆ ನೇಲ್ ಪಾಲಿಶ್ ಅಂದರೆ ಇವತ್ತಿಗೂ 'ಕ್ಯೂಟೆಕ್ಸ್'. ಅದು ಒಂದು ಕಂಪನಿ ಹೆಸರಮ್ಮ, 1911ರಲ್ಲಿ ಅಮೆರಿಕದಲ್ಲಿ ಉಗುರಿನ ಬುಡದ ಸಿಪ್ಪೆ ತೆಗೆಯೋ ಔಷಧಿ ಮಾರುತ್ತಾ ಶುರುವಾಗಿದ್ದು ಅಂದೆ. "ಯಾವುದಾದರೂ ಆಗಲಿ, ಅಂಟಿಸಿಕೊಂಡು ಹಿಟ್ಟು ಕಲಸಬೇಡ ಕಣೇ" ಅಂದಳು. ಆ ಮಾತು ಕೇಳಿದ್ದರೆ ಒಂದು ರಾತ್ರಿಯ ಚಪಾತಿ ಉಳೀತಿತ್ತು.

ನೇಲ್ ಪಾಲಿಶ್ ಮೇಲೆ ನನಗಿರೋ ಸಿಟ್ಟು ಹಳೆಯದು. ಹಚ್ಚೋದು ಹತ್ತು ನಿಮಿಷ, ಒಣಗೋದು ಯಾವಾಗಲೋ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಒಳಗೆ ಇನ್ನೂ ಮೆತ್ತಗೆ. ಎರಡನೇ ಕೋಟ್ ಹಚ್ಚಿ ಬೆರಳು ಅಗಲಿಸಿ ಕೂತ ಹೊತ್ತಿಗೇ ಹಾಲು ಉಕ್ಕುತ್ತದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಹತ್ತು ಉಗುರಿನ ಮೇಲೂ ಬೆಡ್‌ಶೀಟಿನ ಅಚ್ಚು. ಸ್ಟಿಕರ್‌ಗೆ ಈ ಕಾಯುವ ಕೆಲಸವೇ ಇಲ್ಲ ಅಂತ ಕೇಳಿದ್ದೆ. ಸರಿ, ಒಂದು ಕೈಗೆ ಅದು, ಒಂದು ಕೈಗೆ ಇದು ಹಾಕಿ ನೋಡೇಬಿಡೋಣ ಅಂತ ಡಿಸೆಂಬರ್‌ನಲ್ಲಿ ಶುರು ಮಾಡಿದೆ.

ಅಂಗಡಿಯಲ್ಲಿ ಎಲ್ಲದಕ್ಕೂ 'ನೇಲ್ ಸ್ಟಿಕರ್' ಅಂತಲೇ ಹೆಸರು. ಒಳಗಿರೋದು ಮಾತ್ರ ಮೂರು ಥರ. ಫ್ಯಾನ್ಸಿ ಸ್ಟೋರಿನಲ್ಲಿ 40 ರೂಪಾಯಿಗೆ ಸಿಕ್ಕಿದ್ದು ಬರೀ ಪ್ಲಾಸ್ಟಿಕ್ ಹಾಳೆ, ಹಿಂದೆ ಅಂಟು. ಆನ್‌ಲೈನಲ್ಲಿ 250ಕ್ಕೆ ತರಿಸಿದ್ದು ನಿಜವಾದ ನೇಲ್ ಪಾಲಿಶ್ಶೇ, ಪಟ್ಟಿ ಪಟ್ಟಿಯಾಗಿ ಕತ್ತರಿಸಿದ್ದು. ಬಾಟಲಿಯ ಪಾಲಿಶ್‌ನಲ್ಲಿ ಪದರ ಕಟ್ಟೋದು ನೈಟ್ರೋಸೆಲ್ಯುಲೋಸ್ ಅನ್ನೋ ವಸ್ತು. 1920ರ ದಶಕದಲ್ಲಿ ಕಾರಿಗೆ ಹೊಡೆಯುತ್ತಿದ್ದ ಬಣ್ಣದಲ್ಲೂ ಅದೇ ಇತ್ತು. ಅದನ್ನು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್‌ನಂಥ ದ್ರಾವಕದಲ್ಲಿ ಕರಗಿಸಿರುತ್ತಾರೆ. ಮೂಗಿಗೆ ಹೊಡೆಯೋ ವಾಸನೆ ಅವುಗಳದ್ದು. ಅವು ಹಾರಿಹೋದ ಮೇಲೆ ಉಳಿಯುವ ಪದರವೇ ನಮ್ಮ ಬಣ್ಣ. ಬಾಟಲಿಯದು ಹಸಿ ಹಿಟ್ಟಾದರೆ ಈ ಪಟ್ಟಿ ಅರ್ಧ ಒಣಗಿದ ಹಪ್ಪಳ ಇದ್ದ ಹಾಗೆ. ಅದಕ್ಕೇ ಗಾಳಿಯಾಡದ ಪ್ಯಾಕೆಟ್. ಒಡೆದಿಟ್ಟು ಮರೆತರೆ ಪೂರ್ತಿ ಒಣಗಿ, ಅಂಟಿಸೋಕೆ ಹೋದರೆ ಸೀಳುತ್ತದೆ.

ಮೂರನೆಯದು ಕೊರಿಯಾದ ಕಂಪನಿಗಳು ಮನೆಮಾತು ಮಾಡಿದ ಜೆಲ್ ಪಟ್ಟಿ. ಅರ್ಧ ಗಟ್ಟಿಯಾದ ಜೆಲ್ಲನ್ನು ಅಂಟಿಸಿ, ಪುಟ್ಟ ಯುವಿ ಲ್ಯಾಂಪಿನ ಕೆಳಗೆ ಕೈ ಇಟ್ಟು ಪೂರ್ತಿ ಗಟ್ಟಿ ಮಾಡಿಕೊಳ್ಳಬೇಕು. ಪಟ್ಟಿಗೆ 450, ಲ್ಯಾಂಪಿಗೆ ಬೇರೆ 350. ಬಾಟಲಿ 120 ರೂಪಾಯಿ, ವರ್ಷ ಬರುತ್ತದೆ. ದುಡ್ಡಿನ ಮಾತು ಇಲ್ಲಿಗೇ ಸಾಕು, ಅದರಲ್ಲಿ ಬಾಟಲಿಗೆ ಎದುರಾಳಿಯೇ ಇಲ್ಲ.

ಅಂಟಿಸುವುದು ಕಷ್ಟವೇನಲ್ಲ, ನಾಜೂಕು ಬೇಕು. ಉಗುರಿನ ಮೇಲೆ ಎಣ್ಣೆ ಪಸೆ ಇರಬಾರದು. ಭಾನುವಾರ ತಲೆಗೆ ಎಣ್ಣೆ ಒತ್ತಿಕೊಂಡ ಕೈಯಲ್ಲೇ ಕೂತು ಅಂಟಿಸಿದೆ, ಸೋಮವಾರ ಮಧ್ಯಾಹ್ನಕ್ಕೆ ಮೂರು ಎದ್ದಿದ್ದವು. ಸ್ಪಿರಿಟ್‌ನಲ್ಲಿ ಒರೆಸಿ, ಬುಡದ ಚರ್ಮಕ್ಕೆ ತಾಗದ ಹಾಗೆ ಕೂದಲೆಳೆಯಷ್ಟು ಜಾಗ ಬಿಟ್ಟು, ನಡುವಿನಿಂದ ಅಂಚಿಗೆ ಒತ್ತುತ್ತಾ ಬರಬೇಕು. ತುದಿಯಲ್ಲಿ ಉಳಿದದ್ದನ್ನು ಮಡಚಿ, ಫೈಲ್‌ನಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಉಜ್ಜಬೇಕು. ನಿಮ್ಮ ಉಗುರು ಗಿಡ್ಡವಾಗಿದ್ದರೆ ಒಂದು ಪಟ್ಟಿಯನ್ನು ಎರಡಾಗಿ ಕತ್ತರಿಸಿ ಎರಡು ಬೆರಳಿಗೆ ಹಾಕಬಹುದು. 16 ಪಟ್ಟಿಯ ಪ್ಯಾಕೆಟ್ ಎರಡು ಸಲಕ್ಕೆ ಬಂತು ಅಂತ ಖುಷಿಪಟ್ಟೆ. ಒಡೆದ ಪ್ಯಾಕೆಟ್ ಒಣಗುತ್ತದೆ ಅನ್ನೋದು ಆಗ ಗೊತ್ತಿರಲಿಲ್ಲ.

ಮೊದಲ ಸುತ್ತಿಗೆ ಬಲಗೈಗೆ ಬಾಟಲಿ, ಎಡಗೈಗೆ ಪಾಲಿಶ್ ಪಟ್ಟಿ. ಸರಿಯಾಗಿ ಆ ವಾರವೇ ಮನೆಗೆ ಎರಡು ಕೆಜಿ ಅವರೆಕಾಯಿ ಬಂತು. ಉಗುರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ. ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಉಗುರಿನ ತುದಿ ಸ್ವಲ್ಪ ಊರಿ ಹಿತುಕಬೇಕು. ಕಾಳು ಪಟಕ್ ಅಂತ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒಂದೂವರೆ ಗಂಟೆ ಕೈ ಒದ್ದೆ. ಉಗುರೂ ಕಾಳಿನ ಹಾಗೇ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಪದರಕ್ಕೆ ಅಷ್ಟು ಉಬ್ಬೋಕೂ ಬರಲ್ಲ, ಕುಗ್ಗೋಕೂ ಬರಲ್ಲ. ಹಾಗಾಗಿ ಬಿಟ್ಟುಕೊಳ್ಳುತ್ತದೆ.

ಹಿತುಕಿ ಮುಗಿಸಿದಾಗ ಬಲ ಹೆಬ್ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬಣ್ಣ ಹೋಗಿತ್ತು. ಮೂರನೇ ದಿನಕ್ಕೆ ನೋಡೋ ಹಾಗಿರಲಿಲ್ಲ. ಎಡಗೈ ಪಟ್ಟಿ ಎಂಟು ದಿನ ಮಿಸುಕಾಡಲಿಲ್ಲ. ಮೂರಕ್ಕೆ ಎಂಟು! ಅಕ್ಕನಿಗೆ ಫೋನ್ ಮಾಡಿ ನೇಲ್ ಪಾಲಿಶ್ ಕಾಲ ಮುಗೀತು ಅಂದುಬಿಟ್ಟೆ.

"ನೀನು ಎಡಚೀನಾ? ಕೆಲಸ ಎಲ್ಲಾ ಬಲಗೈಯಲ್ಲಿ ತಾನೇ ಮಾಡೋದು?" ಅಂದಳು ಅವಳು.

ಹೌದಲ್ವಾ. ಎರಡನೇ ಸುತ್ತಿಗೆ ಕೈ ಅದಲುಬದಲು ಮಾಡಿದೆ. ಬಲಗೈಯ ಪಟ್ಟಿ ಐದನೇ ದಿನಕ್ಕೆ ಎದ್ದಿತು. ಎಡಗೈಯ ಬಾಟಲಿ ಪಾಲಿಶ್ ಆರು ದಿನ ಬಂತು. ಅಂದರೆ ಒಂದೇ ಕೈಯಲ್ಲಿ ಹೋಲಿಸಿದರೆ ಪಟ್ಟಿ ಗೆದ್ದಿದ್ದು ಬರೀ ಎರಡು ದಿನದಿಂದ. ಯಾವ ಕೈ ಅನ್ನೋದು ಯಾವ ಸಾಮಾನು ಅನ್ನೋದಕ್ಕಿಂತ ದೊಡ್ಡ ವಿಷಯ. ಡಬ್ಬಿ ಮೇಲಿನ '14 ದಿನ' ಅನ್ನೋದು ಪಾತ್ರೆ ತೊಳೆಯದ ಕೈಗೆ ಇರಬೇಕು.

ಕೆಡುವ ರೀತಿ ಕೂಡ ಬೇರೆ. ಬಾಟಲಿ ಪಾಲಿಶ್ ಚೂರು ಹೋದರೆ ಆ ಜಾಗಕ್ಕೆ ಒಂದು ಬೊಟ್ಟು ಇಟ್ಟು ಮದುವೆಗೂ ಹೋಗಬಹುದು. ಪಟ್ಟಿ ಅಂಚು ಎದ್ದರೆ ಮುಗೀತು. ಎದ್ದ ಅಂಚಿಗೆ ಮೊದಲು ಸಿಗೋದು ಕೂದಲು. ಜಡೆ ಹೆಣೆಯುವಾಗ ಒಂದೊಂದೇ ಎಳೆ ಸಿಕ್ಕಿ ಚುರ್ ಅಂತ ಎಳೆಯುತ್ತದೆ. ಆಮೇಲೆ ಹುಣಸೆಹಣ್ಣು ಕಿವುಚಿದರೆ ಅದರ ನಾರು, ರಾಗಿ ಹಿಟ್ಟು, ಏನೇನೋ ಅಡಿಯಲ್ಲಿ ಸೇರಿಕೊಳ್ಳುತ್ತದೆ. ನನಗೆ ಇದು ಸಹಿಸಲಾಗದ ವಿಷಯ. ಚೂರು ಹೋದ ಬಣ್ಣ ನೋಡೋಕೆ ಕೆಟ್ಟದು, ಎದ್ದ ಪಟ್ಟಿ ಕೊಳಕು.

ಇನ್ನು 40 ರೂಪಾಯಿಯ ಪ್ಲಾಸ್ಟಿಕ್. ಇದು ಮೊದಲ ದಿನವೇ ಸೋತಿತು. ಉಗುರಿನ ಉಬ್ಬಿಗೆ ಹಾಳೆ ಬಗ್ಗಲಿಲ್ಲ, ಎರಡೂ ಪಕ್ಕ ಸುಕ್ಕು. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಎಳೆದು ಒತ್ತಿದರೆ ಕೂರುತ್ತದೆ ಅಂದರು, ಸ್ವಲ್ಪ ಕೂತಿತು. ಸಂಜೆ ಚಪಾತಿ ಹಿಟ್ಟು ಕಲಸಿ, ಉಂಡೆ ಕಟ್ಟಿ ಮುಗಿಸಿ ಕೈ ನೋಡಿಕೊಳ್ಳುತ್ತೇನೆ, ಉಂಗುರ ಬೆರಳು ಬೋಳು. ಒಂದೊಂದೇ ಉಂಡೆ ಒಡೆದು ಹುಡುಕಿದೆ. ಏಳನೆಯದರಲ್ಲಿ ಮಿನುಗುವ ಗುಲಾಬಿ ಚೂರು ಸಿಕ್ಕಿತು. ಅದರ ಮಿನುಗು ಪುಡಿ ಎಲ್ಲೆಲ್ಲಿ ಉದುರಿದೆಯೋ ಅಂತ ಹಿಟ್ಟನ್ನೆಲ್ಲ ಎಸೆದೆ. ಎಲ್ಲರಿಗೂ ಅವತ್ತು ಮೊಸರನ್ನ. ಅಮ್ಮ ಏನೂ ಅನ್ನಲಿಲ್ಲ, ಉಪ್ಪಿನಕಾಯಿ ಬಾಟಲಿ ಮಾತ್ರ ಟಕ್ ಅಂತ ಇಟ್ಟಳು.

ನೋಡೋಕೆ ಎಲ್ಲಕ್ಕಿಂತ ಚೆನ್ನಾಗಿದ್ದಿದ್ದು ಜೆಲ್ ಪಟ್ಟಿ. ದಪ್ಪಗೆ, ಗಾಜಿನ ಹಾಗೆ ಹೊಳಪು. ಸಂಕ್ರಾಂತಿಗೆ ಎರಡೂ ಕೈಗೆ ಹಾಕಿದೆ. ಎಳ್ಳು ಬೀರೋಕೆ ಹೋದ ಮನೆಯಲ್ಲೆಲ್ಲ ಯಾವ ಪಾರ್ಲರ್ ಅಂತ ಕೇಳಿದರು. ಬಲಗೈಯಲ್ಲೂ ಹದಿಮೂರು ದಿನ ಬಂತು. ಬಂದಿದ್ದು ಹೌದು, ಬಣ್ಣ ಮಾತ್ರ ಅದೇ ಉಳಿಯಲಿಲ್ಲ. ನಾನು ಆರಿಸಿದ್ದು ತಿಳಿ ಗುಲಾಬಿ. ನಾವು ಕೈಯಲ್ಲಿ ಕಲಸಿ ಉಣ್ಣೋರು. ನಾಲ್ಕು ದಿನ ಹುಳಿಯನ್ನ, ಚಿತ್ರಾನ್ನ ಆದಮೇಲೆ ಬಲಗೈ ಉಗುರೆಲ್ಲ ಅರಿಶಿನ, ಎಡಗೈ ಗುಲಾಬಿ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯಲ್ಲ, ಹಾಗಾಗಿ ಎರಡು ಮಧ್ಯಾಹ್ನ ಟೆರೇಸಿನಲ್ಲಿ ಕೈ ಚಾಚಿ ಕೂತಿದ್ದೆ. ಸ್ವಲ್ಪ ತಿಳಿಯಾಯಿತು. ಕೈಯಲ್ಲಿ ಊಟ ಮಾಡೋರು ಜೆಲ್ ತಗೊಂಡರೆ ಕುಂಕುಮಗೆಂಪು, ಮರೂನ್ ಇಂಥದ್ದೇ ತಗೊಳ್ಳಿ.

ಜೆಲ್ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಅದರಲ್ಲಿರೋ ಅಕ್ರಿಲೇಟ್ ಸರಿಯಾಗಿ ಗಟ್ಟಿಯಾಗದೆ ಚರ್ಮಕ್ಕೆ ತಾಗುತ್ತಾ ಇದ್ದರೆ ಕೆಲವರಿಗೆ ಅಲರ್ಜಿ ಆಗುತ್ತದೆ. ಬುಡದಲ್ಲಿ ಕಡಿತ ಶುರುವಾದರೆ ತೆಗೆದುಬಿಡಿ. ಯುವಿ ಬೆಳಕಿಗೆ ಗಟ್ಟಿಯಾಗಲಿ ಅಂತ ಕೆಲವು ಜೆಲ್‌ಗಳಿಗೆ ಸೇರಿಸುವ ಟಿಪಿಓ ಅನ್ನೋ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಲೇಬಲ್ ನೋಡಿ ತಗೊಳ್ಳೋದು ಒಳ್ಳೆಯದು. ಆಪರೇಷನ್ ಏನಾದರೂ ಇದ್ದರೆ ಯಾವುದೇ ಬಣ್ಣ ಇರಲಿ, ಮೊದಲೇ ತೆಗೆದಿರಿ. ಆಕ್ಸಿಜನ್ ನೋಡೋಕೆ ಬೆರಳಿಗೆ ಹಾಕೋ ಕ್ಲಿಪ್ ಬಣ್ಣದ ಉಗುರಿನ ಮೇಲೆ ತಪ್ಪು ಲೆಕ್ಕ ತೋರಿಸಬಹುದು.

ತೆಗೆಯೋದು ಅಂದೆನಲ್ಲ, ನನ್ನ ಪ್ರಕಾರ ಹೋಲಿಕೆ ನಿಜವಾಗಿ ಶುರುವಾಗೋದೇ ಅಲ್ಲಿ. ಬಾಟಲಿಯದಕ್ಕೂ ಪಾಲಿಶ್ ಪಟ್ಟಿಗೂ ಹತ್ತಿ, ರಿಮೂವರ್, ಐದು ನಿಮಿಷ. ಪಟ್ಟಿಗೆ ಹತ್ತಿಯನ್ನು ಅರೆಗಳಿಗೆ ಹೆಚ್ಚು ಒತ್ತಿ ಹಿಡಿಯಬೇಕು, ಅಷ್ಟೇ. ಪ್ಲಾಸ್ಟಿಕ್ ಬಿಸಿನೀರಿಗೆ ಬಿಡುತ್ತದೆ. ಜೆಲ್‌ಗೆ ತಾಳ್ಮೆ ಬೇಕು. ಅಂಚಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಮರದ ಕಡ್ಡಿಯನ್ನು ಪಕ್ಕದಿಂದ ಮೆಲ್ಲಗೆ ನುಗ್ಗಿಸುತ್ತಾ ಹೋಗಬೇಕು. ಒಂಬತ್ತು ಬೆರಳಿಗೆ ಹಾಗೇ ಮಾಡಿದೆ. ಹತ್ತನೆಯದು ಬಲ ಹೆಬ್ಬೆರಳು. ಅಷ್ಟೊತ್ತಿಗೆ ಫೋನ್ ಬಂತು, ಮಾತಾಡ್ತಾ ಮಾತಾಡ್ತಾ ಸುಮ್ನೆ ಕಿತ್ತುಬಿಟ್ಟೆ. ಸರ್ ಅಂತ ಬಂತು, ಜೊತೆಗೆ ಉಗುರಿನ ಮೇಲ್ಪದರವೂ ಬಂತು. ಕೆಳಗೆ ಬಿಳಿ ಬಿಳಿ, ಒರಟು. ಬಿಸಿ ಲೋಟ ಮುಟ್ಟಿದರೆ ಚುರುಗುಟ್ಟುತ್ತಿತ್ತು.

ಕಾಲಿನ ಕಥೆ ಮಾತ್ರ ಬೇರೆ. ಕಾಲು ಪಾತ್ರೆ ತೊಳೆಯಲ್ಲ, ಕಾಳು ಹಿತುಕಲ್ಲ. ಕಾಲುಗುರು ಬೆಳೆಯೋದೂ ಕೈಯುಗುರಿನ ಸುಮಾರು ಅರ್ಧ ವೇಗದಲ್ಲಿ. ಕಾಲಿಗೆ ಹಾಕಿದ ಪಾಲಿಶ್ ಪಟ್ಟಿ ಐದು ವಾರ ಬಂತು, ಕಾಲುಂಗುರದ ಪಕ್ಕ ಚೆಂದವೂ ಕಾಣಿಸಿತು. ಬಗ್ಗಿ ಕೂತು ಒಣಗಲಿ ಅಂತ ಕಾಯೋ ಕಾಟವೂ ಇಲ್ಲ. ಕಿರುಬೆರಳಿನ ಉಗುರು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅದರ ಮೇಲೆ ಯಾವ ಪಟ್ಟಿಯೂ ಕೂರಲ್ಲ. ಅಲ್ಲಿಗೆ ಅದೇ ಕೆಂಪಿನ ಬಾಟಲಿಯಿಂದ ಒಂದು ಬೊಟ್ಟು. ಯಾರಿಗೂ ಗೊತ್ತಾಗಲಿಲ್ಲ.

ಬಾಳಿಕೆಯೊಂದೇ ನೋಡೋದಾದರೆ ಅಮ್ಮನ ಅಭ್ಯರ್ಥಿ ಮದರಂಗಿ. ಅದು ಮೇಲೆ ಕೂರುವ ಪದರವೇ ಅಲ್ಲ, ಉಗುರಿನೊಳಗೇ ಬಣ್ಣ ಹಿಡಿಯುತ್ತದೆ. ಹಾಗಾಗಿ ಏಳಲ್ಲ, ಚೂರಾಗಿ ಹೋಗಲ್ಲ, ಉಗುರು ಬೆಳೆದ ಹಾಗೆ ಮೇಲಕ್ಕೆ ಸರಿಯುತ್ತದೆ, ಅಷ್ಟೇ. ಬಣ್ಣ ಮಾತ್ರ ಒಂದೇ.

ಈಗ ನನ್ನ ಕಾಲಿಗೆ ಎರಡನೇ ಪ್ಯಾಕೆಟ್ ಪಟ್ಟಿ ಇದೆ. ಕೈಗೆ ಮತ್ತೆ ಬಾಟಲಿ. ಊರಿಗೆ ಹೊರಟು ನಾಲ್ಕು ದಿನ ಅಡುಗೆಮನೆ ಇಲ್ಲ ಅಂದರೆ ಮಾತ್ರ ಕೈಗೂ ಪಟ್ಟಿ. ಜೆಲ್ ಲ್ಯಾಂಪನ್ನು ಅಕ್ಕನ ಮಗಳಿಗೆ ಕೊಟ್ಟೆ, ಫೋನ್ ಬಂದಾಗ ಕೀಳಬೇಡ ಅಂತ ಹೇಳಿಯೇ ಕೊಟ್ಟೆ. ಕೈಯುಗುರು ಬೆಳೆಯೋದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಹೆಬ್ಬೆರಳಿನ ಆ ಒರಟು ಜಾಗ ಎರಡು ತಿಂಗಳಲ್ಲಿ ಅರ್ಧ ದಾರಿಗೆ ಬಂದಿದೆ. ಆ ಒಂದು ಉಗುರಿಗೆ ಸದ್ಯಕ್ಕೆ ಏನೂ ಹಚ್ಚಿಲ್ಲ.