ಸ್ಕೂಬಾ, ಸರ್ಫಿಂಗ್, ಕಯಾಕ್, ಪ್ಯಾರಾಸೇಲಿಂಗ್: ದುರ್ಗದಿಂದ ಹೋಗಿ ಎಲ್ಲಾ ಮಾಡಿ ನೋಡಿದ್ಮೇಲೆ

ನಮ್ಮ ಚಿತ್ರದುರ್ಗದ ಕಡೆಯವ್ರಿಗೆ ನೀರು ಅಂದ್ರೆ ಏನು ಅಂತ ಬೇರೆಯವ್ರಿಗೆ ಹೇಳಿದ್ರೆ ಪೂರ್ತಿ ಅರ್ಥ ಆಗಲ್ಲ. 2022ರಲ್ಲಿ ಮಾರಿಕಣಿವೆ ಡ್ಯಾಂ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅದೇ ಮೊದಲು, ಆವಾಗ ನಮ್ಮನೆಯಿಂದ ಹನ್ನೊಂದು ಜನ ಗಾಡಿ ಮಾಡ್ಕೊಂಡು ಹೋಗಿ ನೋಡ್ಕೊಂಡು ಬಂದ್ವಿ, ನೀರು ಹರಿಯೋದು ನೋಡಿ ನಮ್ಮತ್ತೆ ಕೈ ಮುಗಿದು ನಿಂತ್ಬಿಟ್ಟಿದ್ರು. ಅಂಥಾ ಊರಿಂದ ಸಮುದ್ರಕ್ಕೆ ಹೋಗೋರು ನಾವು. ಹೋಗೋದು ವರ್ಷಕ್ಕೊಂದ್ಸಲ, ಸಿಗೋದು ಮೂರು ನಾಲ್ಕು ದಿನ, ಅದ್ರಲ್ಲಿ ರೆಸಾರ್ಟ್‌ನವ್ರು ಕೈಗೆ ಒಂದು ಲಿಸ್ಟ್ ಕೊಡ್ತಾರೆ, ಸ್ಕೂಬಾ, ಪ್ಯಾರಾಸೇಲಿಂಗ್, ಬನಾನಾ ರೈಡ್, ಕಯಾಕ್ ಅಂತ, ಯಾವ್ದು ಮಾಡ್ಬೇಕು ಯಾವ್ದು ಬಿಡ್ಬೇಕು ಗೊತ್ತಾಗಲ್ಲ, ಎಲ್ಲಾ ಮಾಡಕ್ಕೆ ಹೋಗಿ ದುಡ್ಡೂ ಖರ್ಚು, ಮೈಕೈನೂ ನೋವು. ಕಳೆದ ಮೂರು ವರ್ಷದಲ್ಲಿ ಮುರ್ಡೇಶ್ವರ, ಹೊನ್ನಾವರ, ಮಲ್ಪೆ, ಮೂಲ್ಕಿ ಅಂತ ಸುತ್ತಿ ಒಂದೊಂದೇ ಮಾಡಿ ನೋಡಿದ್ದೀವಿ. ನಾನು, ನಮ್ಮನೆಯವ್ರು, ಹನ್ನೊಂದು ವರ್ಷದ ಮಗಳು, ಅರವತ್ತಾರು ವರ್ಷದ ಅತ್ತೆ. ನಾಲ್ಕು ಜನಕ್ಕೂ ಈಜು ಬರಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಈಜು ಬರೋರ ಲೆಕ್ಕಾನೇ ಬೇರೆ.

ಸ್ಕೂಬಾ, ಅಂದ್ರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ಸಮುದ್ರದೊಳಗೆ ಇಳಿಯೋದು, ನಾವು ಮಾಡಿದ್ದು ನೇತ್ರಾಣಿಯಲ್ಲಿ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ಒಳಗಿರೋ ಗುಡ್ಡದಂಥ ದ್ವೀಪ, ಬೋಟಲ್ಲಿ ಒಂದೂವರೆ ಗಂಟೆ ಹಿಡೀತು. ಈ ಬೋಟ್ ಪ್ರಯಾಣನೇ ಮೊದಲನೇ ಪರೀಕ್ಷೆ. ಓಡ್ತಿರೋವಾಗ ಏನೂ ಅನ್ಸಲ್ಲ, ಅಲ್ಲಿ ಹೋಗಿ ಲಂಗರು ಹಾಕಿ ನಿಲ್ಸಿದ ಮೇಲೆ ಬೋಟು ಆ ಕಡೆ ಈ ಕಡೆ ತೂಗಕ್ಕೆ ಶುರು ಮಾಡುತ್ತೆ ನೋಡಿ, ನಮ್ಮನೆಯವ್ರು ಎರಡು ಸಲ ವಾಂತಿ ಮಾಡ್ಕೊಂಡ್ರು. ಹೊರಡೋ ಅರ್ಧ ಗಂಟೆ ಮುಂಚೆ ವಾಂತಿ ಮಾತ್ರೆ ತಗೊಳ್ಳಿ, ಬೆಳಿಗ್ಗೆ ಎರಡು ಇಡ್ಲಿ ಸಾಕು, ಹೊಟ್ಟೆ ತುಂಬಾ ಪೂರಿ ತಿಂದು ಹತ್ತಬೇಡಿ. ಕೂತಾಗ ಫೋನ್ ನೋಡದೆ ದೂರದಲ್ಲಿ ಆಕಾಶ ನೀರು ಸೇರೋ ಗೆರೆ ನೋಡ್ತಾ ಇದ್ರೆ ತಲೆ ಸುತ್ತೋದು ಎಷ್ಟೋ ಕಮ್ಮಿ.

ಈಜು ಬರದೇ ಇದ್ರೂ ಸ್ಕೂಬಾ ಮಾಡ್ಬಹುದು, ಹತ್ತು ವರ್ಷ ಆದ ಮಕ್ಕಳೂ ಮಾಡ್ಬಹುದು, ಯಾಕಂದ್ರೆ ಒಬ್ಬ ಇನ್‌ಸ್ಟ್ರಕ್ಟರ್ ಹಿಂದಿಂದ ಸಿಲಿಂಡರ್ ಹಿಡ್ಕೊಂಡೇ ಇರ್ತಾರೆ, ಹೊಸಬರನ್ನ 12 ಮೀಟರ್‌ಗಿಂತ ಕೆಳಗೆ ಕರ್ಕೊಂಡು ಹೋಗಲ್ಲ. ಮೊದಲು ಮೇಲೇನೇ ಬಾಯಲ್ಲಿ ಉಸಿರಾಡೋದು ಕಲಿಸ್ತಾರೆ. ಹೆಬ್ಬೆಟ್ಟು ಮೇಲೆ ತೋರ್ಸಿದ್ರೆ ನೀರೊಳಗೆ "ಚೆನ್ನಾಗಿದೀನಿ" ಅಂತಲ್ಲ, "ಮೇಲೆ ಹೋಗೋಣ" ಅಂತ, ಇದನ್ನ ನೆನಪಿಡಿ. ನನಗೆ ಕಷ್ಟ ಆಗಿದ್ದು ಕಿವಿ. ಹಗ್ಗ ಹಿಡ್ಕೊಂಡು ಇಳೀತಾ ಎರಡು ಮೂರು ಮೀಟರ್ ಆಗಿದ್ದೇ ತಡ ಕಿವಿ ಒಳಗೆ ಯಾರೋ ಬೆರಳಿಟ್ಟು ಒತ್ತಿದಂಗೆ ಆಯ್ತು. ಹತ್ತು ಮೀಟರ್ ಕೆಳಗೆ ಹೋಗೋಷ್ಟರಲ್ಲಿ ಮೈ ಮೇಲಿನ ಒತ್ತಡ ದಡದಲ್ಲಿರೋದರ ಎರಡರಷ್ಟು ಆಗುತ್ತೆ, ಅದಕ್ಕೇ ಅದು. ಕೈ ಅಲ್ಲಾಡಿಸಿ ಕಿವಿ ತೋರ್ಸಿದೆ, ಆ ಹುಡುಗ ನನ್ನನ್ನ ಅರ್ಧ ಮೀಟರ್ ಮೇಲೆತ್ತಿ, ಮೂಗು ಹಿಡಿದು ಮೆತ್ತಗೆ ಊದು ಅಂತ ಸನ್ನೆ ಮಾಡಿದ. ಊದಿದೆ, ಎರಡೂ ಕಿವೀಲಿ "ಟಿಕ್" ಅಂತು, ನೋವು ಪೂರ್ತಿ ಹೋಯ್ತು. ಆಮೇಲೆ ಕಣ್ಣು ಬಿಟ್ಟು ನೋಡ್ತೀನಿ, ಬಂಡೆ ಪಕ್ಕ ಹಸಿರು ನೀಲಿ ಗಿಳಿಮೀನು ಕಲ್ಲಿಗೆ ಬಾಯಿಟ್ಟು ಕೆರೀತಾ ಇದಾವೆ, ಆ ಕೆರಿಯೋ ಸದ್ದು ನಂಗೆ ಕೇಳಿಸ್ತಾ ಇತ್ತು! ನೀರೊಳಗೆ ಸದ್ದು ಕೇಳುತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ. ಇಪ್ಪತ್ತು ನಿಮಿಷ ಇದ್ವಿ, ತಲೆಗೆ ಐದು ಸಾವಿರದ ಆಸುಪಾಸು ಆಯ್ತು, ಒಂದು ರೂಪಾಯಿಗೂ ಬೇಜಾರಿಲ್ಲ.

ಬೇಜಾರಿರೋದು ಬೇರೆ ವಿಷಯಕ್ಕೆ, ಇದು ನಮ್ಮಂಥ ಘಟ್ಟದ ಮೇಲಿನವ್ರು ಎಲ್ರೂ ಓದಬೇಕು. ಡೈವ್ ಮುಗಿಸಿ ಊಟ ಮಾಡಿ ಸಂಜೆ ಸೀದಾ ಸಾಗರ, ಶಿವಮೊಗ್ಗ ಮೇಲೆ ಊರಿಗೆ ಹೊರಡೋ ಪ್ಲಾನ್ ನಮ್ದು. ನಾವು ಹೋದ ಕಡೆಯವ್ರು ಒಂದು ಮಾತೂ ಹೇಳ್ಲಿಲ್ಲ, ಕಾಗದಕ್ಕೆ ಸೈನ್ ಹಾಕ್ಸಿಕೊಂಡ್ರು ಅಷ್ಟೇ. ಅದೃಷ್ಟಕ್ಕೆ ನಮ್ಮ ಮೈದುನ ಡಾಕ್ಟ್ರು, ಫೋನ್ ಮಾಡಿದಾಗ "ಅತ್ತಿಗೆ, ಇವತ್ತು ಘಾಟಿ ಹತ್ತಬೇಡಿ" ಅಂದ್ರು. ಸಿಲಿಂಡರಲ್ಲಿ ಇರೋದು ಬರೀ ಆಕ್ಸಿಜನ್ ಅಲ್ಲ, ನಾವು ಉಸಿರಾಡೋ ಮಾಮೂಲಿ ಗಾಳೀನೇ ಒತ್ತಿ ತುಂಬಿರ್ತಾರೆ, ಅದರಲ್ಲಿರೋ ನೈಟ್ರೋಜನ್ ಕೆಳಗೆ ಒತ್ತಡದಲ್ಲಿ ರಕ್ತಕ್ಕೆ ಸೇರಿರುತ್ತೆ, ನಿಧಾನಕ್ಕೆ ಹೊರಗೆ ಹೋಗ್ಬೇಕು. ಅದು ಹೋಗೋ ಮುಂಚೆ ಎತ್ತರದ ಜಾಗಕ್ಕೆ ಹೋದ್ರೆ ಸೋಡಾ ಬಾಟ್ಲಿ ಮುಚ್ಚಳ ತೆಗ್ದಂಗೆ ಒಳಗೆ ಗುಳ್ಳೆ ಏಳ್ಬಹುದು, ಕೀಲು ನೋವಿಂದ ಹಿಡಿದು ಲಕ್ವದವರೆಗೂ ಆಗ್ಬಹುದಂತೆ. ಡೈವ್ ಆದ್ಮೇಲೆ ವಿಮಾನ ಹತ್ತೋರಿಗೆ ಹೇಳೋ ನಿಯಮನೇ ಸಮುದ್ರ ಮಟ್ಟದಿಂದ 600 ಮೀಟರ್ ದಾಟಿದ ಜಾಗಕ್ಕೂ: ಒಂದು ಡೈವ್ ಆದ್ರೆ ಕಮ್ಮಿ ಅಂದ್ರೂ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದ್ರೆ 18 ಗಂಟೆ ಕಾಯಬೇಕು. ನಮ್ಮ ದುರ್ಗ 700 ಮೀಟರ್ ಮೇಲಿದೆ. ರೂಮು ಇನ್ನೊಂದು ರಾತ್ರಿಗೆ ತಗೊಂಡ್ವಿ, ಬೆಳಿಗ್ಗೆ ತಿಂಡಿ ತಿಂದು ಆರಾಮಾಗಿ ಹೊರಟ್ವಿ. ಹಾಗಾಗಿ ಸ್ಕೂಬಾನ ಟ್ರಿಪ್ಪಿನ ಕೊನೇ ದಿನಕ್ಕೆ ಇಟ್ಕೋಬೇಡಿ, ಮೊದಲನೇ ದಿನವೇ ಮುಗಿಸ್ಕೊಳ್ಳಿ.

ಅಲ್ಲೇ ಸ್ನಾರ್ಕ್ಲಿಂಗೂ ಮಾಡಿಸಿದ್ರು, ಮುಖಕ್ಕೆ ಮಾಸ್ಕ್, ಬಾಯಿಗೆ ಪೈಪು, ಲೈಫ್ ಜಾಕೆಟ್ ಹಾಕ್ಕೊಂಡು ಮೇಲೇನೇ ತೇಲೋದು. ನೇತ್ರಾಣಿಯಲ್ಲಿ ಎರಡನ್ನೂ ಹೋಲಿಸಿದ್ರೆ, ಸ್ನಾರ್ಕ್ಲಿಂಗ್ ಅಂದ್ರೆ ನಮ್ಮ ಕೋಟೆಯ ತುಪ್ಪದ ಕೊಳದ ಬತೇರಿ ಮೇಲೆ ನಿಂತು ಊರು ನೋಡ್ದಂಗೆ, ಸ್ಕೂಬಾ ಅಂದ್ರೆ ಇಳಿದು ಸಂತೆಪೇಟೆ ಒಳಗೆ ಓಡಾಡ್ದಂಗೆ. ಕಿವಿ ಸೋರೋರು, ಸೈನಸ್, ಆಸ್ತಮಾ, ಹಾರ್ಟ್ ತೊಂದ್ರೆ ಇರೋರು ಸ್ಕೂಬಾಗೆ ಮುಂಚೆ ಡಾಕ್ಟ್ರನ್ನ ಕೇಳಲೇಬೇಕು, ಅಂಥವ್ರಿಗೆ ಸ್ನಾರ್ಕ್ಲಿಂಗ್ ಒಳ್ಳೇದು, ಅದಕ್ಕೂ ಒಂದ್ಸಲ ಕೇಳ್ಕೊಳ್ಳಿ. ಮಾಸ್ಕ್ ಒಳಗಡೆ ಗಾಜಿಗೆ ಸ್ವಲ್ಪ ಎಂಜಲು ಹಚ್ಚಿ ತೊಳೆದ್ರೆ ಮಂಜು ಕಟ್ಟಲ್ಲ, ಬೋಟಿನವ್ರೇ ಹೇಳ್ಕೊಟ್ಟಿದ್ದು.

ಪ್ಯಾರಾಸೇಲಿಂಗ್, ಅಂದ್ರೆ ಪ್ಯಾರಾಚೂಟಿಗೆ ಕಟ್ಟಿ ಎಳೆದು ಮೇಲೆ ಹಾರಿಸೋದು, ಅದರ ಬಗ್ಗೆ ಜಾಸ್ತಿ ಬರೆಯೋದು ಏನೂ ಇಲ್ಲ. ಒಂದು ಬೀಚಲ್ಲಿ ಮಾಡಿದ್ವಿ, ಹೆಸರು ಬೇಡ. ಹತ್ತು ನಿಮಿಷ ಅಂತ ಹೇಳಿ ದುಡ್ಡು ತಗೊಂಡ್ರು, ಮೇಲಿದ್ದಿದ್ದು ಮೂರೂವರೆ ನಿಮಿಷ, ಮಗಳು ವಾಚ್ ನೋಡ್ಕೊಂಡಿದ್ಲು. ಸೊಂಟದ ಬೆಲ್ಟ್ ಬಕಲ್ ತುಕ್ಕು ಹಿಡಿದಿತ್ತು, ನಾನು ಕೇಳಿ ಬೇರೇದು ಹಾಕ್ಸಿದೆ. ಮೇಲಿಂದ ಕಾಣೋದು ಚೆನ್ನಾಗಿದೆ, ಸುಳ್ಳು ಹೇಳಲ್ಲ, ಆದ್ರೆ ಅಲ್ಲಿ ನಾವು ಮಾಡೋ ಕೆಲಸ ಏನೂ ಇಲ್ಲ, ಕಟ್ತಾರೆ, ಎಳೀತಾರೆ, ಇಳಿಸ್ತಾರೆ. ನಮ್ಮ ಜೋಗಿಮಟ್ಟಿ ಬೆಟ್ಟ ಹತ್ತಿ ನಿಂತ್ರೆ ಅದಕ್ಕಿಂತ ಗಾಳಿ, ಅದಕ್ಕಿಂತ ನೋಟ, ಎಷ್ಟೊತ್ತು ಬೇಕಾದ್ರೂ ನೋಡ್ಬಹುದು. ಬಾಳೆಹಣ್ಣಿನಂಥ ಗಾಳಿ ತುಂಬಿದ ಟ್ಯೂಬ್ ಮೇಲೆ ಕೂರಿಸಿ ಬೋಟಿಂದ ಎಳೆಯೋ ಬನಾನಾ ರೈಡೂ ಹಂಗೇ, ಕಾಲೇಜು ಹುಡುಗರು ಗುಂಪಲ್ಲಿ ಹೋದ್ರೆ ಸರಿ.

ಈಗ ಸರ್ಫಿಂಗ್. ಇದನ್ನ ಬರೆಯೋಕೆ ಅಂತಲೇ ಕೂತಿದ್ದು ನಾನು. ಮೂಲ್ಕಿ ಮತ್ತೆ ಪಕ್ಕದ ಸಸಿಹಿತ್ಲು ನಮ್ಮ ದೇಶದಲ್ಲೇ ಸರ್ಫಿಂಗಿಗೆ ಹೆಸರಾದ ಜಾಗ, ನಮ್ಮ ರಾಜ್ಯದಲ್ಲೇ ಇದೆ ಅಂತ ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ಈಜು ಬರದ ನಾನು ಹಲಗೆ ಮೇಲೆ ನಿಲ್ತೀನಾ ಅಂತ ಇತ್ತು. ಆದ್ರೆ ಕಲಿಯೋರಿಗೆ ಸೊಂಟದ ಮಟ್ಟದ ನೀರಲ್ಲೇ ಹೇಳ್ಕೊಡೋದು, ಅಲೆ ಒಡೆದು ನೊರೆ ಆಗಿ ದಡಕ್ಕೆ ಬರುತ್ತಲ್ಲ, ಆ ನೊರೆಯಲ್ಲೇ. ಬೋರ್ಡೂ ಮೇಲೆ ಮೆತ್ತಗಿರೋದು, ನನಗಿಂತ ಉದ್ದ, ಬೋರ್ಡಿನ ಹಗ್ಗ ಕಾಲಿಗೆ ಕಟ್ಟಿರ್ತಾರೆ, ಲೈಫ್ ಜಾಕೆಟ್ ಕೇಳಿದೆ, ಕೊಟ್ರು. ಮೊದಲ ಅರ್ಧ ಗಂಟೆ ಮರಳ ಮೇಲೇನೇ: ಬೋರಲು ಮಲಗು, ಕೈಯಲ್ಲಿ ನೀರು ಹೊಡಿ, ಎದೆ ಎತ್ತು, ಒಂದೇ ಸಲಕ್ಕೆ ಎರಡೂ ಕಾಲು ಒಳಗೆ ತಂದು ಮೊಣಕಾಲು ಬಗ್ಗಿಸಿ ನಿಲ್ಲು.

ನೀರಿಗೆ ಇಳಿದ ಮೇಲೆ ಒಂಬತ್ತು ಸಲ ಬಿದ್ದೆ. ಉಪ್ಪು ನೀರು ಮೂಗಿಗೆ, ಬಾಯಿಗೆ, ಮೊಣಕೈ ಉಜ್ಜಿ ಕೆಂಪಾಗಿತ್ತು. ಹೇಳ್ಕೊಡ್ತಿದ್ದ ಹುಡುಗ "ಅಕ್ಕಾ, ಬೋರ್ಡ್ ನೋಡ್ಬೇಡಿ, ತೆಂಗಿನ ಮರ ನೋಡಿ" ಅಂತ ಒಂದೇ ಮಾತು ಹೇಳ್ತಿದ್ದ, ನನ್ನ ಕಣ್ಣು ತಾನಾಗೇ ಕಾಲಿನ ಕಡೆ ಹೋಗೋದು, ಕಣ್ಣು ಕೆಳಗೆ ಹೋದ ಕೂಡ್ಲೇ ಮೈಯೂ ಅದರ ಹಿಂದೆ. ಹತ್ತನೇ ಸಲ ಒಂದು ಮರ ಹಿಡ್ಕೊಂಡೆ ಕಣ್ಣಲ್ಲಿ, ಸ್ವಲ್ಪ ವಾಲಿರೋ ಮರ, ಹಿಂದಿಂದ ನೊರೆ ಬಂದು ಬೋರ್ಡನ್ನ ತಳ್ಳಿತು, ಎದ್ದೆ, ನಿಂತೆ. ಎಷ್ಟು ದೂರ, ಒಂದು ಆರೇಳು ಮಾರು ಇರ್ಬಹುದು. ಅಂಗಾಲ ಕೆಳಗೆ ನೀರು ಓಡ್ತಿರೋದು ಗೊತ್ತಾಗ್ತಿತ್ತು, ಮಗಳು ದಡದಲ್ಲಿ "ಅಮ್ಮಾ ನಿಂತಳು, ಅಮ್ಮಾ ನಿಂತಳು" ಅಂತ ಕೂಗ್ತಿದ್ಲು. ಮೂವತ್ತೆಂಟು ವರ್ಷಕ್ಕೆ ಹೊಸದೊಂದು ಕಲಿತೆ ಅನ್ನೋ ಖುಷಿ ನಂಗೆ ಅಷ್ಟು ದೊಡ್ಡದು ಆಗಿರುತ್ತೆ ಅಂತ ಗೊತ್ತಿರ್ಲಿಲ್ಲ. ಎರಡು ಗಂಟೆಗೆ ಸ್ಕೂಬಾದ ಅರ್ಧ ದುಡ್ಡೂ ಆಗ್ಲಿಲ್ಲ. ಮಾರನೇ ದಿನ ತೋಳು ಎತ್ತಿ ಜಡೆ ಹಾಕ್ಕೊಳಕ್ಕೆ ಆಗ್ಲಿಲ್ಲ ಅದೊಂದು ಬಿಟ್ರೆ. ನೇತ್ರಾಣಿಯಲ್ಲಿ ನೋಡಿದ್ದು ಅಪರೂಪದ್ದೇ, ಆದ್ರೆ ನನ್ನನ್ನ ಹಿಡ್ಕೊಂಡು ಹೋಗಿ ತೋರ್ಸಿದ್ದು ಅದು, ಇಲ್ಲಿ ನಿಂತಿದ್ದು ನಾನು. ಒಂದೇ ಆರಿಸ್ಕೋ ಅಂದ್ರೆ ನಾನು ಸರ್ಫಿಂಗ್ ಅಂತೀನಿ. ನಮ್ಮನೆಯವ್ರು ಒಪ್ಪಲ್ಲ, ವಾಂತಿ ಆದ್ರೂ ಅವ್ರಿಗೆ ಸ್ಕೂಬಾನೇ.

ಕಯಾಕ್, ಅಂದ್ರೆ ನಾವೇ ಹುಟ್ಟು ಹಾಕೋ ಸಣ್ಣ ದೋಣಿ, ಮಾಡಿದ್ದು ಹೊನ್ನಾವರದ ಶರಾವತಿ ಹಿನ್ನೀರಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮಧ್ಯೆ. ಇದಕ್ಕೆ ಸಮುದ್ರದ ಭಯ ಇಲ್ಲ, ನೀರು ಅಲ್ಲಾಡದೆ ಇರುತ್ತೆ, ಬೇರುಗಳು ಕೈಬೆರಳು ಊರಿದಂಗೆ ಕೆಸರಲ್ಲಿ ಊರ್ಕೊಂಡಿರ್ತವೆ, ಅದರ ಮೇಲೆ ಕೆಂಪು ಏಡಿ. ಒಂದು ವಿಷಯ ಮಾತ್ರ ಕೇಳ್ಕೊಂಡು ಹೊರಡಿ, ಉಬ್ಬರ ಎಷ್ಟೊತ್ತಿಗೆ, ಇಳಿತ ಎಷ್ಟೊತ್ತಿಗೆ ಅಂತ. ನಾವು ಮೊದಲ ಸಲ ಕೇಳದೆ ಹೋಗಿ, ವಾಪಸ್ ಬರೋವಾಗ ನೀರು ಎದುರಿಗೆ ಹರಿದು ಅರ್ಧ ಗಂಟೆ ದಾರಿಗೆ ಒಂದೂಕಾಲು ಗಂಟೆ ಹುಟ್ಟು ಹಾಕಿದ್ವಿ. ಉಬ್ಬರ ಇಳಿತದ ಮಧ್ಯೆ ಸುಮಾರು ಆರು ಗಂಟೆ ಇರುತ್ತೆ, ಉಬ್ಬರದ ಜೊತೆ ಒಳಗೆ ಹೋಗಿ ಇಳಿತದ ಜೊತೆ ಬಂದ್ರೆ ನೀರೇ ಕರ್ಕೊಂಡು ಹೋಗಿ ಬಿಡುತ್ತೆ. ಅತ್ತೆ ಮೊದ್ಲು ಬೇಡ ಅಂತ ಕೂತಿದ್ರು, ಅಲ್ಲಿನ ಹಿರಿಯರೊಬ್ರು "ಎಂತದೂ ಆಗುದಿಲ್ಲ ಅಮ್ಮ, ಕೂತ್ಕೊಳ್ಳಿ" ಅಂದಿದ್ದಕ್ಕೆ ನನ್ನ ಮುಂದೆ ಕೂತ್ರು, ಸೀರೆ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು. ಮೂರು ಟ್ರಿಪ್ಪಲ್ಲಿ ಅವ್ರು ನೀರಿನ ಮೇಲೆ ಅಷ್ಟು ಹಗುರಾಗಿ ಮಾತಾಡಿದ್ದು ಅವತ್ತೊಂದೇ ದಿನ.

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗೋದು ಆಟ ಅಲ್ಲ, ನೋಡೋ ಜಾಗ. ಕಲ್ಲು ಕಂಬ ಜೋಡಿಸಿಟ್ಟಂಗೆ ನಿಂತಿದೆ, ಲಾವಾ ತಣ್ಣಗಾಗಿ ಸೀಳಿ ಆಗಿದ್ದು, 8 ಕೋಟಿ ವರ್ಷಕ್ಕೂ ಹಿಂದಿನದು. ನಮ್ಮ ಜಿಲ್ಲೆಯ ಐಮಂಗಲದ ಹತ್ರ ಮರಡಿಹಳ್ಳಿಯಲ್ಲೂ ಇಂಥದ್ದೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಇದೆ, ದಿಂಬಿನ ಆಕಾರದ ಲಾವಾ, ಅದು ಉಕ್ಕಿದ್ದು ನೀರೊಳಗೆ, ಸುಮಾರು 250 ಕೋಟಿ ವರ್ಷದ ಹಿಂದೆ. ನಾವು ನೀರಿಲ್ಲದ ಊರು ಅಂತೀವಲ್ಲ, ಆ ನೆಲ ಒಂದು ಕಾಲಕ್ಕೆ ಸಮುದ್ರದ ತಳ! ಮಗಳಿಗೆ ದ್ವೀಪದಲ್ಲಿ ನಿಂತು ಇದನ್ನ ಹೇಳ್ದೆ, ಊರಿಗೆ ಬಂದ ಮೊದಲ ಭಾನುವಾರ ಮರಡಿಹಳ್ಳಿಗೆ ಕರ್ಕೊಂಡು ಹೋದ್ವಿ.

ರೆಸಾರ್ಟಿನ ಸ್ವಿಮ್ಮಿಂಗ್ ಪೂಲಿಗೆ ಅಂತ ಜಾಸ್ತಿ ದುಡ್ಡು ಕೊಡ್ಬೇಡಿ, ಪೂಲು ದುರ್ಗ ದಾವಣಗೆರೆಯಲ್ಲೂ ಇದಾವೆ. ಆ ದುಡ್ಡಿಗೆ ಇನ್ನೊಂದು ದಿನ ಸರ್ಫಿಂಗ್ ಆಗುತ್ತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗ್ಬೇಡಿ, ನೇತ್ರಾಣಿ ಬೋಟೂ ಇಲ್ಲ, ಮಲ್ಪೆ ಬೋಟೂ ಇಲ್ಲ. ಉಳಿದ ತಿಂಗಳಲ್ಲೂ ಕೆಂಪು ಬಾವುಟ ಇದ್ರೆ ಮೊಣಕಾಲವರೆಗೂ ಇಳೀಬೇಡಿ. 2024ರ ಡಿಸೆಂಬರಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಮಕ್ಕಳು ಮುಳುಗಿ ಹೋದ್ರು, ಕೋಲಾರ ಜಿಲ್ಲೆಯವ್ರು, ನಮ್ಮಂಗೇ ಬಯಲುಸೀಮೆ ಮಕ್ಕಳು. ಅಲೆ ಒಡೆಯದೆ ಶಾಂತವಾಗಿ ಕಾಣೋ ಪಟ್ಟಿ ಇರುತ್ತಲ್ಲ, ಮಕ್ಕಳು ಅಲ್ಲೇ ಸೇಫು ಅಂತ ಇಳೀತಾರೆ, ಎಷ್ಟೋ ಸಲ ನೀರು ವಾಪಸ್ ಒಳಗೆ ಎಳ್ಕೊಂಡು ಹೋಗೋ ಜಾಗ ಅದೇ. ಸಿಕ್ಕಿಹಾಕ್ಕೊಂಡ್ರೆ ದಡದ ಕಡೆ ಗುದ್ದಾಡ್ಬಾರ್ದು, ತೇಲ್ತಾ ಕೈ ಎತ್ತಿ ಕೂಗ್ಬೇಕು, ಕೈಲಾದ್ರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರೀಬೇಕು. ನಮಗೆ ಮೂಲ್ಕಿಯಲ್ಲಿ ನೀರಿಗಿಳಿಸೋ ಮುಂಚೆ ದಡದಲ್ಲಿ ನಿಲ್ಸಿ ಆ ಪಟ್ಟಿ ಎಲ್ಲಿದೆ ಅಂತ ಬೆರಳು ಮಾಡಿ ತೋರ್ಸಿದ್ರು, ಮಗಳು ಈಗ ಯಾವ ಬೀಚಿಗೆ ಹೋದ್ರೂ ಮೊದಲು ಅದನ್ನ ಹುಡುಕ್ತಾಳೆ, ಆಮೇಲೇ ಚಪ್ಪಲಿ ಬಿಡೋದು.