ಮೊದಲ ಗ್ಯಾಲಕ್ಸಿಗಳ ಹುಡುಕಾಟ: ಚಿತ್ರವೋ, ರೋಹಿತವೋ?

ವಿಜಯಪುರದ ಎಂ.ಎಸ್ಸಿ. ತಂಗಿ, ಪ್ರಾಜೆಕ್ಟಿಗೆ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರ ಹಿಡೀಲೋ, ರೋಹಿತ (ಬೆಳಕನ್ನ ತರಂಗವಾರು ಬಿಡಿಸಿದ ಪಟ್ಟಿ, ಸ್ಪೆಕ್ಟ್ರಮ್) ಹಿಡೀಲೋ ಅಂತ ಕೇಳೀಯಲ್ಲ, ಎರಡೂ ಸಾರ್ವಜನಿಕ ಸಂಗ್ರಹದಾಗ ಪುಕ್ಕಟೆ. ಖರ್ಚಿನ ಮಾತು ಬ್ಯಾಡ.

ಚಿತ್ರದಲ್ಲಿ ಒಮ್ಮೆಗೇ ಸಾವಿರಾರು ಗ್ಯಾಲಕ್ಸಿ. ನಮಗೂ ಗ್ಯಾಲಕ್ಸಿಗೂ ನಡುವಿನ ಹೈಡ್ರೋಜನ್ ನೇರಳಾತೀತ ಬೆಳಕನ್ನು ನುಂಗುವುದರಿಂದ, ಬಹುದೂರದ್ದು ಗಿಡ್ಡ ತರಂಗದ ಫಿಲ್ಟರಿನಲ್ಲಿ ಮಾಯ, ಉದ್ದ ತರಂಗದ್ದರಲ್ಲಿ ಹಾಜರು. ಆದರೆ ಧೂಳು ಮುಸುಕಿದ ಹತ್ತಿರದ ಗ್ಯಾಲಕ್ಸಿಯೂ ಇದೇ ವೇಷ ಹಾಕಬಲ್ಲದು. ರೆಡ್‌ಶಿಫ್ಟ್ (ಬೆಳಕಿನ ತರಂಗ ಎಷ್ಟು ಹಿಗ್ಗಿದೆ ಎಂಬ ಅಳತೆ; ಹೆಚ್ಚಿದಷ್ಟೂ ದೂರ) ಸುಮಾರು 16 ಎಂದುಕೊಂಡಿದ್ದ ಸೀಯರ್ಸ್-93316 ಎಂಬ ಗ್ಯಾಲಕ್ಸಿ, ರೋಹಿತ ತೆಗೆದಾಗ 4.9ಕ್ಕೆ ಇಳಿಯಿತು!

ರೋಹಿತ ಖಚಿತ. ಜೇಡ್ಸ್-ಜಿಎಸ್-ಝಡ್14-0 ಎಂಬ ಗ್ಯಾಲಕ್ಸಿ ಮಹಾಸ್ಫೋಟದ ನಂತರದ ಸುಮಾರು 30 ಕೋಟಿ ವರ್ಷದ ಕಾಲದ್ದೆಂದು 2024ರಲ್ಲಿ ತಿಳಿದದ್ದು ಅದರಿಂದಲೇ. ಆದರೆ ರೋಹಿತ ಬಹುಪಾಲು ಮೊದಲೇ ಆರಿಸಿದ ಗ್ಯಾಲಕ್ಸಿಗಳಿಗಷ್ಟೇ ಸಿಗುತ್ತದೆ.

ಎಷ್ಟಿವೆ ಎಂದು ಎಣಿಸುವುದಿದ್ದರೆ ಚಿತ್ರ. ಒಂದರಲ್ಲೇ ಆಮ್ಲಜನಕ ಹುಡುಕುವುದಿದ್ದರೆ ರೋಹಿತ. ಹಾಸ್ಟೆಲಿನ ನೆಟ್ ನಿಧಾನವಿದ್ದರೆ ರೋಹಿತವೇ ಹಗುರ, ಚಿತ್ರದ ಫೈಲುಗಳು ಗಿಗಾಬೈಟುಗಟ್ಟಲೆ.